ಜಾಜ್ ನಡುವಿನ ಸೊನ್ನೆ

ಆ ಸೊನ್ನೆ ಇಟ್ಟವನು ಸಿಕ್ಕರೆ ಇವತ್ತಿಗೂ ಸುಮ್ಮನೆ ಬಿಡುವವನಲ್ಲ ನಾನು. ಆಳಂದ ಬಸ್ ಸ್ಟ್ಯಾಂಡಿನ ಎದುರು ಮಹಾದೇವಪ್ಪನ ಚಹಾದ ಹೋಟೆಲ್ ಇತ್ತು. ಅದರ ಮಾಳಿಗೆಗೆ ‘ದೌಲತರಾಯ ಜಾಜ್ ಬ್ಯಾಂಡ್’ ಎಂಬ ಬೋರ್ಡು. ಯಾವನೋ ಶಾಣ್ಯಾ ಪೇಂಟರ್ ತಪ್ಪು ತಿದ್ದುತ್ತೇನೆಂದು ನಡುವೆ ಸೊನ್ನೆ ಸೇರಿಸಿ ‘ಜಾಂಜ್’ ಮಾಡಿಬಿಟ್ಟ. ಜಾಂಜ್ ಅಂದರೆ ನಮ್ಮ ಕಡೆ ಮೆರವಣಿಗೆಯಲ್ಲಿ ಬಡಿಯುವ ದೊಡ್ಡ ತಾಳ. ದೌಲತರಾಯ ಕಾಕಾ ಊದುತ್ತಿದ್ದದ್ದು ಕ್ಲಾರಿನೆಟ್.

ಸೊಲ್ಲಾಪುರದಲ್ಲಿ ಸರ್ಕಸ್ ಬ್ಯಾಂಡಿನಲ್ಲಿದ್ದಾಗ ಗೋವಾದ ಮಾಸ್ತರನೊಬ್ಬನಿಂದ ಕಲಿತು ಬಂದಿದ್ದ. ಹೊಟ್ಟೆಗೆ ಮದುವೆ ಮೆರವಣಿಗೆ. ರವಿವಾರ ಸಂಜೆ ಮಾಳಿಗೆಯಲ್ಲಿ ತನ್ನ ಖುಷಿಗೆ ಜಾಜ್. ಲಾರಿ ಕ್ಲೀನರ್ ಆಗಿದ್ದ ನನ್ನನ್ನು ಡ್ರಮ್ಮಿಗೆ ಕೂರಿಸಿದವನು ಅವನೇ.

“ಸಿಟ್ಟೆಲ್ಲಾ ಇದರ ಮ್ಯಾಲ ತೆಗಿಯಲೇ, ಮಂದಿ ಮ್ಯಾಲ ಬ್ಯಾಡ.”

ಅವನೊಂದು ತುಣುಕು ಊದಿ ನಿಲ್ಲಿಸಿ ಹುಬ್ಬು ಏರಿಸುವನು. ನಾನು ಡ್ರಮ್ಮಿನಲ್ಲಿ ತಿರುಗಿ ಉತ್ತರ ಕೊಡಬೇಕು. ಅದಕ್ಕೆ ‘ಜವಾಬು’ ಎನ್ನುತ್ತಿದ್ದ.

ಒಮ್ಮೆ ಕಿಣ್ಣಿ ಸುಲ್ತಾನ ಎಂಬ ಊರಿನಿಂದ ಮದುವೆಯವರು ಬೋರ್ಡು ನೋಡಿ ಹತ್ತಿ ಬಂದರು.

“ಜಾಂಜ್ ಎಲ್ಲೈತ್ರಿ?”

“ಜಾಂಜ್ ಅಲ್ರಿ, ಜಾಜ್,” ಅಂದ ಕಾಕಾ.

“ಬೋರ್ಡಿನ್ಯಾಗ ಸೊನ್ನಿ ಐತಿ, ನಿಮ್ಮ ಬಾಯಾಗ ಇಲ್ಲಲ್ರಿ! ಹಲ್ಲು ಬಿದ್ದಾವೇನು?”

ಎದ್ದ ನನ್ನ ಅಂಗಿ ಹಿಡಿದು ಕಾಕಾ ಕೂರಿಸಿದ. ನಗುತ್ತಲೇ ಇದ್ದ, ಆದರೆ ಆ ಸಂಜೆ ಊದಲಿಲ್ಲ.

ಕಡೆಗೆ ಮಹಾದೇವಪ್ಪ ಮಾಳಿಗೆಯನ್ನು ಲಾಡ್ಜ್ ಮಾಡಲು ಹೊರಟ. ಕೊನೆಯ ರವಿವಾರ ಕಾಕಾ ಊದಿ, ಹುಬ್ಬು ಏರಿಸಿದ್ದಾನೆ, ಅಷ್ಟರಲ್ಲಿ ಮಹಾದೇವಪ್ಪ ಬಂದು ನನ್ನ ಡ್ರಮ್ಮಿನ ಮೇಲೆ ಕೈ ಇಟ್ಟ.

“ಸಾಕ್ ಮಾಡ್ರಿ, ಕೀಲಿ ಹಾಕ್ಬೇಕು.”

ನಾನು ಕಾಲರ್ ಹಿಡಿದೆ. ಕಾಕಾ ಬಿಡಿಸಿದ. “ಬಿಡಲೇ ಮಹೇಶಾ. ನಿನ್ನ ಜವಾಬು ಬಾಕಿ ಐತಿ. ಆಮ್ಯಾಲ ಕೊಡುವಂತಿ.”

ಡ್ರಮ್ಮು ಹೋಟೆಲಿನದು, ಅಲ್ಲೇ ಉಳಿಯಿತು. ಮುಂದೆ ಎಲ್ಲಿ ಭೆಟ್ಟಿಯಾದರೂ ಕಾಕಾ, “ಬಾಕಿ ಐತಿ ನೋಡು,” ಎನ್ನುತ್ತಿದ್ದ.

ಹೋದ ವರ್ಷ ಕಾಕಾ ತೀರಿಕೊಂಡ. ಅಫಜಲಪುರದ ಬ್ಯಾಂಡಿನವರ ಕಡೆ ಡ್ರಮ್ ಕೇಳಿ ಇಸಗೊಂಡು ಮಣ್ಣಿಗೆ ಬಂದೆ.

“ಬಂದ್ಯಾ? ನಿನ್ನ ಹೆಸರೇ ತಗೀತಿದ್ರಪ್ಪಾ,” ಎಂದು ಕಾಕಾನ ಹೆಂಡತಿ ಗುರಮ್ಮ ಕಾಕು ಅತ್ತಳು.

ಹೊರಗೆ ಬಂದರೆ ಜಾಂಜಿನ ಮೇಳ ನಿಂತಿತ್ತು. ಓಣಿಯವರು ಕರೆಸಿದ್ದರು. “ಜಾಂಜಿನ ಉಸ್ತಾದ್ರು ಅವ್ರು. ಮರ್ಯಾದಿಲೆ ಕಳಿಸ್ಬೇಕಲ್ರಿ!” ಹೇಳಿದ ಓಣಿಯವನ ಕಣ್ಣುಗಳು ಒದ್ದೆಯಾಗಿದ್ದವು. ಯಾರ ಕಾಲರ್ ಹಿಡಿಯಲಿ?

ದಾರಿಯುದ್ದಕ್ಕೂ ಬಾರಿಸಿದೆ. ಜಾಂಜಿನ ಸಪ್ಪಳದಲ್ಲಿ ನನಗೇ ಕೇಳಲಿಲ್ಲ. ಕುಣಿಯ ಹತ್ತಿರ ಮೇಳ ನಿಂತಿತು. ನಾನು ಕೋಲು ಎತ್ತುವಷ್ಟರಲ್ಲಿ ಅಯ್ಯನವರು ಮಂತ್ರ ಶುರು ಮಾಡಿದರು. ಕೋಲು ಹಿಡಿದುಕೊಂಡೇ ನಿಂತೆ, ಮಣ್ಣು ಹಾಕಿದೆ, ಡ್ರಮ್ಮನ್ನು ಅಫಜಲಪುರಕ್ಕೆ ಮುಟ್ಟಿಸಿದೆ.

ಜವಾಬು ಬಾಕಿ ಉಳಿಯಿತು.