ಏರುತ್ತ ಹೋಗುವ ಒಟ್ಟು

ನನಗೆ ಸಿಟ್ಟು ಎಷ್ಟು ಬೇಗ ಬರುತ್ತದೋ ಅಷ್ಟೇ ಬೇಗ ಇಳಿಯುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಒಂದು ಸಿಟ್ಟು ಮಾತ್ರ ಇಳಿದಿಲ್ಲ. ಇಳಿಯುವುದೂ ಬೇಡ.

ಲಿಂಗಸುಗೂರಿನ ಬಸ್ ನಿಲ್ದಾಣದ ಹತ್ತಿರ ನಾವಿಬ್ಬರು ಗೆಳತಿಯರು ಒಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದೆವು. ಅವಳು ನನಗಿಂತ ಸ್ವಲ್ಪ ದೊಡ್ಡವಳು, ಕಾಲೇಜಿನಿಂದಲೂ ಅಕ್ಕಾ ಎಂದೇ ಕರೆಯುತ್ತಿದ್ದೆ. ನಾನು ಮಸ್ಕಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಜಾತಿ ಪ್ರಮಾಣಪತ್ರ, ಪಹಣಿ, ಝೆರಾಕ್ಸ್, ಇದೇ ನಮ್ಮ ಕಸುಬು. ಕಂಡವರ ಅರ್ಜಿ ತುಂಬಿ ತುಂಬಿ ನನಗೆ ಸಾಕಾಗಿತ್ತು. ನನ್ನ ತಲೆಯಿಂದ ಹುಟ್ಟಿದ್ದು ಒಂದಾದರೂ ಇರಲಿ, ಇದನ್ನು ಮಾಡಿದವಳು ಇವಳು ಎಂದು ನಾಲ್ಕು ಜನ ಅನ್ನಲಿ ಎಂಬ ಆಸೆ ಇತ್ತು.

ಅದಕ್ಕೆ ದಾರಿ ಸಿಕ್ಕಿದ್ದು ಸಿಂಧನೂರಿನ ಒಬ್ಬ ಅಕ್ಕಿ ಮಿಲ್ ಸಾಹುಕಾರರಿಂದ. ಭತ್ತದ ಚೀಲಗಳನ್ನು ಕಾಂಟಾದ ಮೇಲೆ ಇಟ್ಟಾಗಲೆಲ್ಲ ತೂಕವನ್ನು ಕಂಪ್ಯೂಟರಿನಲ್ಲಿ ಬರೆಯಬೇಕು, ಪಕ್ಕದಲ್ಲೇ ಅಲ್ಲಿಯವರೆಗಿನ ಒಟ್ಟು ಏರುತ್ತ ಹೋಗಬೇಕು, ಎದುರಿಗೆ ನಿಂತ ರೈತನಿಗೆ ಅದು ಕಾಣಬೇಕು ಎಂದರು. ಕೊನೆಯಲ್ಲಿ ಒಮ್ಮೆ ಕೂಡಿಸುವುದು ಯಾರಿಗಾದರೂ ಬರುತ್ತದೆ. ಪ್ರತಿ ಸಾಲಿನ ಮುಂದೆಯೂ ಅದರ ಮೇಲಿನದೆಲ್ಲ ಕೂಡಿ ನಿಲ್ಲಬೇಕು, ನಡುವೆ ಒಂದು ತೂಕ ತಿದ್ದಿದರೆ ಕೆಳಗಿನವು ತಾವೇ ಬದಲಾಗಬೇಕು ಅಂದರೆ ಕಥೆಯೇ ಬೇರೆ. ಮಾಡಿ ನೋಡುವಾಗ ಒಂದು ಸಲ ಊರಿನ ಭತ್ತವೆಲ್ಲ ಒಬ್ಬನೇ ರೈತನ ಲೆಕ್ಕಕ್ಕೆ ಬಂದು ಕೂತಿತ್ತು. ನಾನು ಊಟ ಮರೆತು ಅದರ ಹಿಂದೆ ಬಿದ್ದೆ. ಮಂದಿಯ ಜೊತೆ ಮಾತಾಡುವುದನ್ನು ನನಗೆ ಬಿಡು ಎಂದಳು ಅಕ್ಕ. ಬಿಟ್ಟೆ.

ಎಲ್ಲ ಮುಗಿದಾಗ ಮಿಲ್ಲಿನಲ್ಲಿ ತೂಕ ಮಾಡುವ ಮುದುಕ ತಕರಾರು ತೆಗೆದ. ನಮ್ಮ ಕಡೆ ಕಾಳು ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಎಂದು ಶುರು ಮಾಡುತ್ತಾರೆ. ಪರದೆಯ ಮೇಲೆ ಒಂದು ಎಂದು ಬಂದರೆ ಚೀಲ ಮುಟ್ಟುವುದಿಲ್ಲ ಎಂದು ಕೂತ. ನಕ್ಕೊಂಡೇ ಮೊದಲ ಸಾಲಿನ ಅಂಕಿ ತೆಗೆದು ಲಾಭ ಎಂದು ಬರುವಂತೆ ಮಾಡಿಕೊಟ್ಟೆ. ಕೆಳಗೆ ನಮ್ಮಿಬ್ಬರ ಹೆಸರು ಹಾಕಿದೆವು. ಇನ್ನೊಂದು ಮಿಲ್ಲಿಗೆ ಕೊಡುವುದಾದರೆ ಇಬ್ಬರೂ ಕೂಡಿಯೇ ಹೋಗಬೇಕು ಎಂದು ಮಾತಾಯಿತು.

ಮುಂದಿನ ಸುಗ್ಗಿಯಲ್ಲಿ ಬಳಗಾನೂರಿನ ನನ್ನ ಸೋದರಮಾವ ಟ್ರ್ಯಾಕ್ಟರಿಗೆ ಭತ್ತ ಹೇರಿಕೊಂಡು ಸಿಂಧನೂರಿನ ಬೇರೊಂದು ಮಿಲ್ಲಿಗೆ ಹೊರಟರು. ತೂಕವೆಲ್ಲ ಈಗ ಕಂಪ್ಯೂಟರಿನಲ್ಲಂತೆ, ನೀನೂ ಬಾ ಎಂದು ಕರೆದರು. ಅಂಗಡಿಗೆ ಸಂಜೆ ಬರುತ್ತೇನೆ ಎಂದಷ್ಟೇ ಅಕ್ಕನಿಗೆ ತಿಳಿಸಿ ಹೋದೆ.

ಮೊದಲ ತೂಕವಾಯಿತು. ಪರದೆಯ ಮೇಲೆ ಲಾಭ ಎಂದು ಬಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬಣ್ಣ, ಅಕ್ಷರ, ಏರುವ ಒಟ್ಟು, ಎಲ್ಲ ನನ್ನದೇ. ಕೆಳಗೆ ಅಕ್ಕನ ಹೆಸರೊಂದೇ ಇತ್ತು, ಪಕ್ಕದಲ್ಲಿ ಅವಳ ಗಂಡನ ಫೋನ್ ನಂಬರು. ಇದನ್ನು ಯಾರು ಮಾಡಿಕೊಟ್ಟರು ಎಂದು ಅಲ್ಲಿ ಕೂತ ಆಪರೇಟರನ್ನು ಕೇಳಿದೆ.

"ಲಿಂಗಸುಗೂರಿನ ಮೇಡಂ ಒಬ್ಬರ ಮಾಡ್ಯಾರ್ರೀ. ಟೈಪ್ ಮಾಡಾಕ ಒಬ್ಬಾಕಿ ಹುಡುಗಿ ಇಟ್ಕೊಂಡಾರಂತ."

ಆ ಟೈಪ್ ಮಾಡುವ ಹುಡುಗಿ ನಾನು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕಿದ್ದನ್ನು ಕೇಳಿದ್ದೆ, ಹಾವು ಗೆದ್ದಲನ್ನು ಆಳು ಎಂದದ್ದನ್ನು ಕೇಳಿರಲಿಲ್ಲ.

ಅಷ್ಟರಲ್ಲಿ ಮಾವ ನನ್ನ ತೋಳು ಹಿಡಿದು ಪರದೆ ತೋರಿಸಿದರು. ಎರಡು ಸಾಲಿನ ಮುಂದೆ ಒಂದೇ ಒಟ್ಟು ಬಂದಿತ್ತು. ಒಂದು ತೂಕ ನುಂಗಿಬಿಟ್ಟರು ಎಂದು ಅವರಿಗೆ ಗಾಬರಿ. ಅಕ್ಕ ಕದ್ದದ್ದು ನನ್ನ ಹಳೆಯ ಪ್ರತಿಯನ್ನು. ಅದರಲ್ಲಿ ಲೆಕ್ಕ ಗಡಿಯಾರದ ಹೊತ್ತಿನ ಮೇಲೆ ನಡೆಯುತ್ತಿತ್ತು, ಒಂದೇ ನಿಮಿಷದಲ್ಲಿ ಎರಡು ತೂಕವಾದರೆ ಎರಡಕ್ಕೂ ಒಂದೇ ಒಟ್ಟು ತೋರಿಸುತ್ತಿತ್ತು. ಕೊನೆಯ ಲೆಕ್ಕ ಸರಿಯೇ ಇರುತ್ತಿತ್ತು, ನೋಡುವ ರೈತನ ಎದೆ ಮಾತ್ರ ಧಸಕ್ಕೆನ್ನುತ್ತಿತ್ತು. ಮೊದಲ ಮಿಲ್ಲಿಗೆ ಕೊಟ್ಟ ಮೇಲೆ ಈ ತಪ್ಪು ಕಂಡು ನಾನು ಹೊತ್ತನ್ನು ಬಿಟ್ಟು ಕ್ರಮಸಂಖ್ಯೆ ಹಿಡಿದು ಸರಿ ಮಾಡಿದ್ದೆ. ಮಾವನಿಗೆ ಬೆರಳು ಮಡಿಸಿ ಕೂಡಿಸಿ ತೋರಿಸಿ ಸಮಾಧಾನ ಮಾಡಿದೆ. ಫೋನ್ ಮಾಡಿ ತಿಳಿಸಿದ್ದೇನೆ, ನಾಳೆ ಮೇಡಂ ಬಂದು ರಿಪೇರಿ ಮಾಡುತ್ತಾರೆ ಎಂದ ಆಪರೇಟರ್.

ಸಂಜೆ ಅಂಗಡಿಗೆ ಹೋದಾಗ ಅಕ್ಕ ನನಗೆಂದು ಮಿರ್ಚಿ ಭಜಿ ತರಿಸಿಟ್ಟಿದ್ದಳು. ತಿನ್ನು ಎಂದು ಮುಂದೆ ಸರಿಸಿ, ಎರಡು ಸಾಲಿಗೆ ಒಂದೇ ಒಟ್ಟು ಬಂದರೆ ಏನು ಮಾಡಬೇಕು ಎಂದು ತಣ್ಣಗೆ ಕೇಳಿದಳು. ಯಾವ ಮಿಲ್ಲು ಎಂದೆ. ನಮ್ಮದೇ, ಹಳೆಯದು ಎಂದಳು. ಕಣ್ಣು ಮಿಟುಕಿಸಲಿಲ್ಲ. ಆಗಲೂ ನನ್ನ ಹುಚ್ಚು ಮನಸ್ಸು, ಅಳಲಿ, ತಪ್ಪಾಯಿತು ಎನ್ನಲಿ, ಮರೆತುಬಿಡುತ್ತೇನೆ ಎಂದು ಕಾಯುತ್ತಿತ್ತು.

"ಅಕ್ಕಾ, ನಾ ಇವತ್ತು ಆ ಹೊಸ ಮಿಲ್ಲಿನಾಗ ಇದ್ದೆ. ಎಲ್ಲಾ ನೋಡೀನಿ."

ಅವಳು ಕೈಗೆ ಹತ್ತಿದ ಎಣ್ಣೆಯನ್ನು ಹಾಳೆಗೆ ಒರೆಸಿಕೊಂಡಳು.

"ಹಂಗಾದ್ರ ಸರಿ ಮಾಡೇ ಬರಬೇಕಿಲ್ಲೇನ. ನಾಳೆ ನಾ ಹೋಗೋದು ತಪ್ಪತಿತ್ತು."