ರತ್ನತ್ತೆಯ ಬಿಳಿ ಕಾರು

ರತ್ನತ್ತೆ ಕಾರು ಹತ್ತುವ ಮೊದಲು ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ, ಕಾರಿನ ಅಡಿಗೆ ಇಣುಕಿ ನೋಡುತ್ತಿದ್ದಳು. ನೆರಳಿಗೆಂದು ನಾಯಿ ಮಲಗಿರಬಹುದು, ಕೋಳಿ ಸೇರಿಕೊಂಡಿರಬಹುದು, ಯಾರ ಮನೆಯದೋ ಮಗು ಚೆಂಡು ಹುಡುಕುತ್ತಿರಬಹುದು. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಾಗಲೂ ಈ ಕ್ರಮ ತಪ್ಪುತ್ತಿರಲಿಲ್ಲ. ನೋಡಿದವರು ನಗುತ್ತಿದ್ದರು. "ನಗಲಿ ಬಿಡು. ಸೀರೆ ಒಗೆದ್ರೆ ಮಣ್ಣು ಹೋಗುತ್ತೆ" ಎನ್ನುತ್ತಿದ್ದಳು.

ಅವಳು ನನ್ನ ಅಪ್ಪನ ತಂಗಿ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹತ್ತಿರ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸು. ತನ್ನ ಸಂಬಳದಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಕೊಂಡಿದ್ದಳು. ನಂಜಪ್ಪ ಮಾವನಿಗೆ ದ್ರಾಕ್ಷಿ ತೋಟವಿತ್ತು, ಡ್ರೈವಿಂಗ್ ಬರುತ್ತಿರಲಿಲ್ಲ. ಅತ್ತೆ ಓಡಿಸುವಾಗ ಅವನು ಹಿಂದಿನ ಸೀಟಿನಲ್ಲೇ ಕೂರುವವನು. ಪಕ್ಕದಲ್ಲಿ ಕೂತರೆ ಹೆಂಡತಿಯ ಕಾರಿನಲ್ಲಿ ಹೋಗುತ್ತಿದ್ದಾನೆ ಅಂತ ಜನಕ್ಕೆ ಗೊತ್ತಾಗುತ್ತದಲ್ಲ.

ಭಾನುವಾರಗಳಲ್ಲಿ ಒಣಗಿದ ಕೆರೆಯಂಗಳದಲ್ಲಿ ಅವಳು ನನಗೆ ಕಾರು ಕಲಿಸಿದಳು. ಕ್ಲಚ್ಚು, ಗೇರು ಒಂದು ವಾರದ ಮಾತು. ಉಳಿದದ್ದೆಲ್ಲ ಬುದ್ಧಿವಾದ. "ಹಿಂದಿನೋನು ಹಾರನ್ ಹೊಡೀತಾನೆ ಅಂತ ನಿನ್ನ ಕಾಲು ಅವನಿಗೆ ಕೊಟ್ಬಿಡಬೇಡ ಕಣೇ." "ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಕೊಂಡು ಹೋಗೋನಿಗೆ ಹಿಂದೆ ಏನೂ ಕಾಣಲ್ಲ. ಹೆದರಿಸ್ಬೇಡ, ಹಿಂದೇನೇ ಇರು." ನಾನೂ ಒಂದು ಕಾರು ಕೊಳ್ಳುತ್ತೇನೆ ಅಂದಾಗ ಮಾತ್ರ ಅವಳ ದನಿ ಬಿಗಿಯಾಯಿತು. "ಕೊಂಡ್ರೆ ಮುಗೀತು ಅಂದ್ಕೊಂಡ್ಯಾ? ನಿಂತಿದ್ರೂ ತಿನ್ನುತ್ತೆ ಇದು. ಹಸು ತಿಂದ್ರೆ ಹಾಲಾದ್ರೂ ಕೊಡುತ್ತೆ. ಸೀಟ್ ಕವರ್ ಇಲ್ದೆ ಯಾರೂ ಸಾಯಲ್ಲ, ಟೈರಲ್ಲಿ ಜಿಪುಣತನ ಮಾಡ್ಬೇಡ. ಇನ್ನೊಂದು, ಕೇಳ್ದೋರಿಗೆಲ್ಲ ಬೀಗದಕೈ ಕೊಡ್ಬೇಡ. ಓಡ್ಸೋನು ಯಾರಾದ್ರೂ ಆಗ್ಲಿ, ಕಾಗದದಲ್ಲಿರೋದು ನಿನ್ನ ಹೆಸರು."

ಅವಳು ಕೊಡುತ್ತಿರಲಿಲ್ಲ. ಮಾವ ಕೊಡುತ್ತಿದ್ದ. ಪಕ್ಕದ ಮನೆಯಲ್ಲೇ ಇದ್ದ ಅವನ ತಮ್ಮ ಸೀನಪ್ಪ ಕಾರು ಒಯ್ದರೆ ಟ್ಯಾಂಕು ಬರಿದಾಗಿಯೇ ವಾಪಸು ಬರುತ್ತಿತ್ತು. ಸೀನಪ್ಪನ ಲೈಸೆನ್ಸಿನ ಅವಧಿ ಎಂದೋ ಮುಗಿದಿತ್ತು. "ಅದನ್ನ ರಿನ್ಯೂ ಮಾಡಿಸೋವರೆಗೂ ಬೀಗದಕೈ ಮುಟ್ಬೇಡಪ್ಪ" ಎಂದು ಅತ್ತೆ ಹೇಳುತ್ತಲೇ ಇದ್ದಳು. ಅವನು "ಆಯ್ತು ಅತ್ಗೆ" ಎನ್ನುತ್ತಲೇ ಇದ್ದ.

ಒಂದು ಭಾನುವಾರ ಮುಸ್ಸಂಜೆ ಸೀನಪ್ಪ ಕಾರು ತಂದು ಅಂಗಳದಲ್ಲಿ ಓರೆಯಾಗಿ ನಿಲ್ಲಿಸಿ ಇಳಿದ. ಎಡಗಡೆಯ ಹೆಡ್‌ಲೈಟು ಒಡೆದಿತ್ತು. ಡೈರಿಗೆ ಹಾಲು ಹಾಕಲು ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕನಿಗೆ ಹಿಂದಿನಿಂದ ತಗುಲಿಸಿ ಬಂದಿದ್ದ. ಮಾವ ಕಾರು ನೋಡಿದ. ಅತ್ತೆ ಕೇಳಿದ್ದು ಒಂದೇ.

"ಬಿದ್ದೋನು ಎಲ್ಲಿ?"

"ಅಲ್ಲೇ ಅವ್ನೆ."

ಅವಳು ಅವನ ಕೈಯಿಂದ ಬೀಗದಕೈ ಕಿತ್ತುಕೊಂಡಳು. ನನ್ನನ್ನು ಕರೆದುಕೊಂಡು ಅದೇ ಕಾರಿನಲ್ಲಿ ಹೋದಳು. ಚೆಲ್ಲಿದ ಹಾಲಿನ ಪಕ್ಕದಲ್ಲಿ ಮುದುಕ ಎಚ್ಚರ ತಪ್ಪಿ ಬಿದ್ದಿದ್ದ. ಅತ್ತೆ ಅವನ ಕಾಲಿಗೆ ಹಲಗೆಯ ತುಂಡು ಕೊಟ್ಟು, ನನ್ನ ವೇಲಿನಿಂದ ಕಟ್ಟಿದಳು. ಇಬ್ಬರೂ ಸೇರಿ ಅವನನ್ನು ಹಿಂದಿನ ಸೀಟಿಗೆ ಎತ್ತಿ ಹಾಕಿದೆವು. ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅವಳ ಮುಖ. ಹೊರಗೆ ಒಡೆದ ಹೆಡ್‌ಲೈಟಿನ ಕಾರಿನ ಸುತ್ತ ಜನ ಸೇರಿದ್ದರು. ಗುದ್ದಿದವಳು ಇವಳೇ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಅವಳೆದುರು ಕೂತ. ಲೈಸೆನ್ಸ್ ಇಲ್ಲದವನು ಓಡಿಸಿದ್ದ ಎಂದಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ, ಪರಿಹಾರ ಅವಳ ತಲೆಗೇ ಬರುತ್ತದೆ, ಸೀನಪ್ಪ ಬಿಟ್ಟು ಓಡಿ ಬಂದದ್ದಕ್ಕೆ ಜೈಲಾಗುತ್ತದೆ ಎಂದ. "ಹೆಂಗೂ ಎಲ್ರೂ ನಿನ್ನನ್ನೇ ನೋಡವ್ರೆ. ನೀನೇ ಓಡಿಸ್ತಿದ್ದೆ ಅಂದ್ಬಿಡು. ಒಂದು ಮಾತು ಅಷ್ಟೆ." ಸೀನಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅತ್ತೆ ತನ್ನ ಅಂಗೈ ನೋಡಿಕೊಂಡಳು. "ಆ ಮುದುಕನಿಗೆ ದುಡ್ಡು ಬೇಗ ಸಿಗುತ್ತಾ?" ಎಂದು ಕೇಳಿದಳು. ಮಾವ ಸಿಗುತ್ತದೆ ಎಂದ ಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಪೊಲೀಸ್ ಠಾಣೆಗೆ ಹೊರಟಳು.

ಆ ಒಂದು ಮಾತಿಗೆ ಅವಳು ಕೋರ್ಟು ಹತ್ತಿದಳು. ಕೆಲವು ತಿಂಗಳು ಅವಳ ಲೈಸೆನ್ಸ್ ಅಮಾನತಿನಲ್ಲಿತ್ತು. ಆರೋಗ್ಯ ಕೇಂದ್ರಕ್ಕೆ ಬರುವ ಹೆಂಗಸರು ಅವಳ ಎದುರಲ್ಲೇ ಪಿಸುಗುಟ್ಟುತ್ತಿದ್ದರು. ಮಾವ ಅವಳನ್ನು ಕೇಳದೆ ಕಾರು ಮಾರಿ, ಆಮೇಲೆ ಕಾಗದಕ್ಕೆ ಅವಳ ಸಹಿ ಹಾಕಿಸಿದ. ಲೈಸೆನ್ಸ್ ವಾಪಸು ಬಂದರೂ ಅವಳು ಸ್ಟೀರಿಂಗ್ ಮುಟ್ಟಲಿಲ್ಲ, ಬಸ್ಸಿಗೆ ನಿಂತಳು.

ಅದಕ್ಕಿಂತ ಕಹಿಯಾದದ್ದು ಆಮೇಲೆ ಬಂತು. ನೆಂಟರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಯಾವುದೋ ಹುಡುಗಿ ಕಾರು ಕಲಿಯುತ್ತೇನೆ ಅಂದಳು. ಸೀನಪ್ಪ ಅನ್ನ ಕಲಸುತ್ತಾ, "ಬ್ಯಾಡ ತಾಯಿ. ನಮ್ಮತ್ಗೆ ಏನ್ ಮಾಡುದ್ರು ಗೊತ್ತಲ್ಲ" ಎಂದ. ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ನಾಟಕವೂ ಇರಲಿಲ್ಲ. ಅವನು ಅದನ್ನು ನಂಬಿಬಿಟ್ಟಿದ್ದ. ಮಾವ ನಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎಡಗೈಯಿಂದ ನನ್ನ ತೊಡೆ ಅದುಮಿದಳು. "ಬಿಡೇ. ಈಗ ಹೇಳಿದ್ರೆ ಪೊಲೀಸ್ರಿಗೆ ಸುಳ್ಳು ಹೇಳ್ದೋಳು ಅಂತಾನೂ ಆಗುತ್ತೆ." ಎಲೆಯಲ್ಲಿ ಬಡಿಸಿದ್ದನ್ನು ಹಾಗೇ ಬಿಟ್ಟು ಎದ್ದಳು.

ಹೋದ ವರ್ಷ ಅವಳು ಹೃದಯಾಘಾತದಿಂದ ತೀರಿಕೊಂಡಳು. ಹನ್ನೊಂದನೆಯ ದಿನದ ತಿಥಿಗೆ ಆ ಮುದುಕ ಕೋಲೂರಿಕೊಂಡು, ಕಾಲೆಳೆಯುತ್ತ ಬಂದ. ಸೀನಪ್ಪ ತಾನೇ ಕುರ್ಚಿ ತಂದು ಹಾಕಿ, ಕಾಫಿ ತರಿಸಿದ. ಮುದುಕ ಅತ್ತೆಯ ಫೋಟೋಕ್ಕೆ ಕೈ ಮುಗಿದು ಹೇಳಿದ: "ಗುದ್ದುದ್ರೂವೆ ಬಿಟ್ಟು ಓಡೋಗ್ಲಿಲ್ಲ ಮಾತಾಯಿ. ನಾನು ಅವತ್ತೇ ಕ್ಷಮಿಸ್ಬುಟ್ಟೆ."

"ದೊಡ್ಡ ಮನಸ್ಸು ನಿಮ್ದು" ಎಂದ ಸೀನಪ್ಪ.

ನನ್ನನ್ನು ತಡೆಯಲು ಈಗ ಯಾರ ಕೈಯೂ ಇರಲಿಲ್ಲ. "ತಾತ, ಅವತ್ತು ಓಡಿಸ್ತಿದ್ದಿದ್ದು ನಮ್ಮತ್ತೆ ಅಲ್ಲ" ಎಂದೆ. ಮಾವ ನೆಲ ನೋಡಿದ. ಮುದುಕ ನನ್ನನ್ನು ಕನಿಕರದಿಂದ ನೋಡಿ, ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟ.

"ಸತ್ತೋರ ಮೇಲೆ ಪ್ರೀತಿ ಇದ್ರೆ ಹಂಗೇ ಅನ್ಸೋದು, ಬುಡು ಮಗ" ಎಂದು ಹೇಳಿ ಹೊರಟುಹೋದ.