ಶರಣಬಸಮ್ಮನ ಗೇರಿಲ್ಲದ ಕಾರು

ಜೇವರ್ಗಿಯಲ್ಲಿ ನನ್ನದೊಂದು ಖಾನಾವಳಿ ಇದೆ. ಊಟಕ್ಕೆ ಬಂದವರು ನನ್ನ ಪಲ್ಯಕ್ಕೆ ಹೆಸರಿಟ್ಟಿದ್ದಾರೆ, ಸಾರಿಗೆ ಹೆಸರಿಟ್ಟಿದ್ದಾರೆ, ನನ್ನ ಸಿಟ್ಟಿಗಂತೂ ದಿನಾ ಹೆಸರಿಡುತ್ತಾರೆ. ರೊಟ್ಟಿಗೆ ಮಾತ್ರ ಯಾರೂ ಹೆಸರಿಟ್ಟಿಲ್ಲ. ಆ ಹೆಗ್ಗಳಿಕೆ ನನ್ನದಲ್ಲ, ಚೌಡಾಪುರದ ಶರಣಬಸಮ್ಮನದು. ಮಟಕಿ ಎಂಬ ಊರಿನಿಂದ ಜೋಳ ತರಿಸಿ, ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅವಳು ರೊಟ್ಟಿ ಮಾಡಿಸುತ್ತಾಳೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಊರಿನ ಖಾನಾವಳಿಗಳಿಗೆ ತಾನೇ ಕಾರಿನಲ್ಲಿ ತಂದು ಮುಟ್ಟಿಸುತ್ತಾಳೆ.

ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲಿನ ಬಲ ಹೋಗಿದೆ. ಕ್ಲಚ್ ತುಳಿಯುವುದು ಆಗದ ಮಾತು. ಅದಕ್ಕೇ ಪುಣೆಯಲ್ಲಿ ಯಾರೋ ಓಡಿಸಿ ಬೇಸತ್ತು ಮಾರಿದ ಹಳೆಯ ಆಟೋಮ್ಯಾಟಿಕ್ ಕಾರನ್ನು ಕೊಂಡು ತಂದಳು. ಅದಕ್ಕೆ ಕ್ಲಚ್ಚಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ, ಬಲಗಾಲೊಂದಿದ್ದರೆ ಸಾಕು. ನಮ್ಮ ಕಡೆ ಜನ ಅದನ್ನು ‘ಗೇರಿಲ್ಲದ ಕಾರು’ ಎಂದು ಕರೆದರು. ಗೇರಿಲ್ಲದೆ ಯಾವ ಕಾರು ಓಡೀತು ಎಂದು ನಾನು ವಾದ ಮಾಡಿ ಮಾಡಿ ಸೋತು, ಈಗ ನಾನೂ ಹಾಗೇ ಕರೆಯುತ್ತೇನೆ.

ಆ ವರ್ಷ ಮಳೆಗಾಲದ ಕೊನೆಗೆ ಭೀಮಾ ಉಕ್ಕಿ ಬಂತು. ಶರಣಬಸಮ್ಮ ನದಿ ದಂಡೆಯ ಹಳ್ಳಿಯೊಂದಕ್ಕೆ ಚಿಕ್ಕಮ್ಮನನ್ನು ಮಾತಾಡಿಸಲು ಹೋಗಿದ್ದಳು. ನೀರು ಅಂಗಳಕ್ಕೆ ಬಂದಾಗ ಇಬ್ಬರನ್ನೂ ಟ್ರ್ಯಾಕ್ಟರಿನಲ್ಲಿ ಕೂಡಿಸಿ ಆಚೆ ತಂದರು. ಕಾರು ಅಲ್ಲೇ ಉಳಿಯಿತು. ನೀರು ಇಳಿದ ಮೇಲೆ ಅವಳ ಜೊತೆ ನಾನೂ ಹೋಗಿ ನೋಡಿದರೆ ಸೀಟಿನ ಮೇಲೆಲ್ಲ ಕೆಸರು.

ನೆರೆದವರದೆಲ್ಲ ಒಂದೇ ಮಾತು. “ಒಂದ್ ಸಲ ಸೆಲ್ಫ್ ಹೊಡದ ನೋಡೂಣು.” ನಿಂತ ಗಾಡಿ ಕಂಡರೆ ಚಾವಿ ತಿರುವದೆ ನಮ್ಮವರ ಕೈ ಸುಮ್ಮನಿರದು. ಶರಣಬಸಮ್ಮ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡಳು.

“ಯಾರೂ ಮುಟ್ಟಬ್ಯಾಡ್ರಿ. ಒಳಗ ನೀರ ಹೊಕ್ಕದ. ಈಗ ತಿರುವಿದ್ರ ಉಳದದ್ದೂ ಹೋಗ್ತದ. ಹಗ್ಗ ಕಟ್ಟಿ ಜಗ್ಗೂದೂ ಬ್ಯಾಡ. ಮುಂದಿನ ಗಾಲಿ ತಿರುಗಿದ್ರ ಗೇರಿನ ಪೆಟಗಿ ತಿರುಗ್ತದ.”

ಹಾಗಾಗಿ ಕಾರನ್ನು ಟ್ರಾಲಿಯ ಮೇಲೆ ಹೇರಿಸಿಕೊಂಡು ಅಫಜಲಪುರದ ಮಸೂದನ ಗ್ಯಾರೇಜಿಗೆ ತಂದೆವು. ಮಸೂದ ಟ್ರ್ಯಾಕ್ಟರನ್ನು ಕಣ್ಣು ಮುಚ್ಚಿ ಬಿಚ್ಚಿ ಕಣ್ಣು ಮುಚ್ಚಿ ಜೋಡಿಸುವ ಗಟ್ಟಿಗ. ಇಂಜಿನ್ನಿನೊಳಗಿನ ನೀರು ತೆಗೆದು, ಎಣ್ಣೆ ಬದಲಿಸಿ, ಅದನ್ನು ಗುರ್ ಅನ್ನಿಸಿದ. ಗೇರಿನ ಪೆಟ್ಟಿಗೆಯ ಹತ್ತಿರ ಬಂದಾಗ ಮಾತ್ರ ತಲೆ ಕೆರೆದುಕೊಂಡ.

“ಅಕ್ಕಾ, ಇಂಥಾದ್ದು ನಾ ಬಿಚ್ಚಿಲ್ರಿ. ಇದನ್ನ ಕಿತ್ತು ಕೈಗೇರು ಕೂಡ್ರಿಸಿಬಿಡೂಣು.”

ಕೈಗೇರು ಎಂದರೆ ಕ್ಲಚ್ಚು. ಕ್ಲಚ್ಚು ಎಂದರೆ ಅವಳು ಆ ಸೀಟಿನಲ್ಲಿ ಇನ್ನು ಕೂಡುವಂತಿಲ್ಲ. ನಾನು ನಡುವೆ ಬಾಯಿ ಹಾಕಿದೆ. “ಅದನ್ನ ಮಾರಿಬಿಡು ತಂಗಿ. ಒಂದು ಟೆಂಪೋ ಮಾಡು, ಡ್ರೈವರ್ ಇಟ್ಕೋ.”

“ಡ್ರೈವರ್ ರೊಟ್ಟಿ ಬುಟ್ಟಿ ಏರಸ್ತಾನ. ಆಮ್ಯಾಲ ನನ್ನೂ ಬುಟ್ಟಿ ಜೋಡಿ ಏರಸ್ತಾನೇನ್ರಿ?” ಎಂದಳು. ಆಮೇಲೆ ಮಿಸ್ತ್ರಿಯ ಕಡೆ ತಿರುಗಿದಳು. “ಮಸೂದ, ಬುಡದ ಬೋಲ್ಟ್ ಬಿಚ್ಚು. ಏನ್ ಬರ್ತದ ನೋಡೂಣು.”

ಬಂದದ್ದು ನಸುಗೆಂಪು ಬಣ್ಣದ ಮಜ್ಜಿಗೆ. ಎಣ್ಣೆ ನೀರು ಕಲೆತರೆ ಹಾಗಾಗುತ್ತದೆ. ಶರಣಬಸಮ್ಮ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದಳು. ರೊಟ್ಟಿಯ ಹಿಟ್ಟು ನೋಡುವುದೂ ಹೀಗೇ. ಹಿಟ್ಟಿಗೆ ಅಂಟುವ ಗುಣ ಇದ್ದರೆ ಜಿಗಿ ಇದೆ ಅನ್ನುತ್ತೇವೆ. ಅದಿಲ್ಲದಿದ್ದರೆ ಬಡಿಯುವಾಗಲೇ ರೊಟ್ಟಿ ಅಂಚು ಬಿರಿಯುತ್ತದೆ.

“ಜಿಗಿ ಹೋಗ್ಯಾದ,” ಎಂದಳು. “ಜಿಗಿ ಇದ್ದ ಎಣ್ಣಿ ಹಾಕು.”

ಜಿಗಿ ಎಂದ ಕೂಡಲೇ ಟ್ರ್ಯಾಕ್ಟರ್ ಮಿಸ್ತ್ರಿಯ ಕೈ ಎಲ್ಲಿಗೆ ಹೋಗಬೇಕು? ತೊಂಬತ್ತು ನಂಬರಿನ ಡಬ್ಬಿಗೇ ಹೋಯಿತು. ಟ್ರ್ಯಾಕ್ಟರಿನ ಗೇರಿಗೆ ಹಾಕುವ, ಕಾಕಂಬಿಯಂಥ ದಪ್ಪ ಎಣ್ಣೆ. ಸುರಿದ, ಇಂಜಿನ್ ಚಾಲೂ ಮಾಡಿದ, ಗೇರಿನ ದಂಡವನ್ನು ಮುಂದೆ ಓಡಿಸುವ ‘ಡಿ’ಗೆ ಎಳೆದ. ಇಂಜಿನ್ ಹುಯ್ಯೋ ಎಂದು ಕೂಗಿತು, ಕಾರು ನಿಂತಲ್ಲಿಂದ ಕದಲಲಿಲ್ಲ. ಮುಗಿಯಿತು, ಇನ್ನು ಈ ಹುಡುಗಿಯನ್ನು ಟೆಂಪೋದಲ್ಲೇ ಕೂಡಿಸಬೇಕು ಎಂದುಕೊಂಡೆ.

ಮಸೂದ ಸೋಲಾಪುರದಲ್ಲಿರುವ ತನ್ನ ಉಸ್ತಾದನಿಗೆ ಫೋನು ಹಚ್ಚಿದ. ಅವರು ಬೈದದ್ದು ಫೋನಿಲ್ಲದೆಯೂ ನಮಗೆ ಕೇಳುವಂತಿತ್ತು. “ಟ್ರ್ಯಾಕ್ಟರ್ ಎಣ್ಣಿ ಹಾಕಿದ್ಯಾ ಲೇ? ಅದು ನೀರಿನಂಗ ತೆಳ್ಳನ ಕೆಂಪ ಎಣ್ಣಿ ಕುಡಿಯೂ ಪೆಟಗಿ! ಕೂದಲಂಥ ಸಣ್ಣ ಸಣ್ಣ ದಾರ್ಯಾಗ ಹರದು, ಗಾಲಿಗಿ ಬಲ ಕೊಡೂ ಪ್ಲೇಟ್ ಒತ್ತಿ ಹಿಡಿಬೇಕು ಅದು. ತಗಿ ಮೊದಲ!”

ಮಸೂದನ ಮುಖ ಸಪ್ಪಗಾಯಿತು. ಶರಣಬಸಮ್ಮ ಮಾತ್ರ ಫೋನು ಇಸಿದುಕೊಂಡು ನಕ್ಕುಬಿಟ್ಟಳು. “ಅವಗ್ಯಾಕ ಬೈತೀರಿ ಉಸ್ತಾದರ, ಜಿಗಿ ಅಂದಾಕಿ ನಾನ. ಹಿಟ್ಟಿನ ಮಾತು ಎಣ್ಣಿಗಿ ಹೇಳಿದ್ದು ನಂದ ತಪ್ಪು. ಈಗ ಹ್ಯಾಂಗ್ ತೊಳೀಬೇಕು, ಅದನ್ನ ಹೇಳ್ರಿ.”

ಉಸ್ತಾದರು ಹೇಳಿದರು. ಒಂದು ಸಲ ಇಳಿಸಿದರೆ ಅರ್ಧ ಎಣ್ಣೆ ಒಳಗೇ ಉಳಿಯುತ್ತದೆ. ಇಳಿಸು, ಹೊಸದು ಹಾಕು, ಗಾಲಿ ಎತ್ತಿ ಸ್ವಲ್ಪ ಹೊತ್ತು ತಿರುಗಿಸು, ಮತ್ತೆ ಇಳಿಸು. ಅಚ್ಚಗೆಂಪು ಬರುವ ತನಕ ಬಿಡಬೇಡ, ಎಣ್ಣೆ ಸೋಸುವ ಒಳಗಿನ ಜಾಲರಿಯನ್ನೂ ಬದಲಿಸು. ಕಲಬುರಗಿಯಿಂದ ತೆಳ್ಳನೆಯ ಎಣ್ಣೆ ತರಿಸಿದರು. ಮಸೂದ ಇಳಿಸಿದ, ಹಾಕಿದ, ಇಳಿಸಿದ. ಶರಣಬಸಮ್ಮ ಕುರ್ಚಿ ಹಾಕಿಕೊಂಡು ಕೂತು ಪ್ರತಿ ಸಲ ಬಿಳಿ ಅರಿವೆಯ ಮೇಲೆ ಹನಿ ಹಾಕಿಸಿ ಬಣ್ಣ ನೋಡಿದಳು. ಇಷ್ಟು ಸಾಕಲ್ಲವೇ ಎಂದು ನಾನು ಕೇಳಿದ್ದಕ್ಕೆ, ನಿಮ್ಮ ಸಾರಿನ ಹಂಡೆ ಒಂದೇ ಸಲಕ್ಕೆ ತೊಳೆಯುತ್ತೀರಾ ಎಂದು ಕೇಳಿದಳು. ಒಂದೇ ಸಲಕ್ಕೇ ತೊಳೆಯುತ್ತೇನೆ, ಆದರೆ ಅಲ್ಲಿ ಹೇಳಲಿಲ್ಲ.

ಕೊನೆಗೆ ಅಚ್ಚಗೆಂಪು ಬಂತು. ಈ ಸಲ ‘ಡಿ’ಗೆ ಎಳೆದರೆ ಕಾರು ಮುಂದೆ ಸರಿಯಿತು! ಮಸೂದ ಸ್ಟೇರಿಂಗ್ ಹಿಡಿದ, ನಾನು ಪಕ್ಕ ಕೂತೆ. ಇಪ್ಪತ್ತು ಮಾರು ಹೋಗಿರಲಿಲ್ಲ, ಗೇರು ಬದಲಿಸುವ ರೂಢಿಯಲ್ಲಿ ಅವನ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನು ಒದೆಯಿತು. ನನ್ನ ಹಣೆ ಎದುರಿನ ಗಾಜಿಗೆ ಹೋಗಿ ಬಡಿಯಿತು. ಮತ್ತೊಮ್ಮೆ ನೋಡಿದ, ಮತ್ತೊಮ್ಮೆ ಒದ್ದ. ನಾನು ಕೈಗೆ ಸಿಕ್ಕದ್ದನ್ನು ಎತ್ತಿ ಅವನಿಗೆ ಹೊಡೆಯುವವನೇ ಇದ್ದೆ.

“ಇಳೀ ಮಸೂದ,” ಎಂದಳು ಶರಣಬಸಮ್ಮ. “ನಿನ್ನ ಎಡಗಾಲಿಗಿ ಸುಮ್ಮನ ಕುಂದ್ರೂದು ಗೊತ್ತಿಲ್ಲ. ನಂದು ಸಣ್ಣಾಕಿ ಇದ್ದಾಗಿಂದ ಅದನ್ನ ಕಲ್ತದ.”

ಅವಳು ಓಡಿಸಿದಳು, ಮಸೂದ ಪಕ್ಕದಲ್ಲಿ, ನಾನು ಹಿಂದೆ. ಕಾರು ಹೊರಟಿತು, ಆದರೆ ತುಂಬಿದ ಗಾಡಿಯನ್ನು ಏರಿಗೆ ಎಳೆಯುವಂತೆ ಭಾರವಾಗಿ ಹೊರಟಿತು. ಹಿಂದಕ್ಕೆ ಚೆನ್ನಾಗಿ ಬರುತ್ತಿತ್ತು. ಮುಂದಕ್ಕೆ ಮಾತ್ರ ಒಂದೇ ಗೇರಿನಲ್ಲಿ ನಿಂತುಬಿಟ್ಟಿತ್ತು.

“ಪ್ಲೇಟ್ ಹೋಗ್ಯಾವ ಅಕ್ಕಾ,” ಎಂದ ಮಸೂದ. “ಇನ್ನ ಪೆಟಗಿ ಕೀಳೂದ ಸೈ.”

“ಪ್ಲೇಟ್ ಹೋಗಿದ್ರ ಜಾರಬೇಕಿತ್ತು. ಇಂಜಿನ್ ಓಡಿ ಗಾಡಿ ಹಿಂದ ಬೀಳಬೇಕಿತ್ತು. ನೋಡು, ಒಂದೀಟೂ ಜಾರಾಕತ್ತಿಲ್ಲ. ಇಳಿಸಿದ ಎಣ್ಣಿ ಸುಟ್ಟ ವಾಸನಿ ಹೊಡದಿಲ್ಲ, ಕರೀ ಪುಡಿ ಬಂದಿಲ್ಲ. ಹಿಡತ ಗಟ್ಟಿ ಅದ. ಗೇರ್ ಬದ್ಲು ಮಾಡು ಅಂತ ಹೇಳೂ ಸುದ್ದಿ ಅದಕ ಮುಟ್ಟವಲ್ದು.”

ಗ್ಯಾರೇಜಿಗೆ ಮರಳಿ ಅವಳು ಕಾರು ನಿಲ್ಲಿಸಿದಳು. ಮಸೂದ ಇಳಿದು ಕಾರಿನ ಕೆಳಗೆ ತೂರಿದ. ಸುದ್ದಿ ಹೋಗುವುದು ತಂತಿಯಲ್ಲಿ, ತಂತಿ ಕೂಡುವುದು ಸಾಕೆಟ್ಟಿನಲ್ಲಿ. ಪೆಟ್ಟಿಗೆಯ ಬದಿಯ ಸಾಕೆಟ್ ಬಿಚ್ಚಿದರೆ ಒಳಗಿನ ಹಿತ್ತಾಳೆ ಕಡ್ಡಿಗಳೆಲ್ಲ ಹಸಿರು ಕಿಲುಬು ಹಿಡಿದು ಕೂತಿದ್ದವು. ಭೀಮಾ ಅಷ್ಟು ಸಣ್ಣ ಜಾಗವನ್ನೂ ಬಿಟ್ಟಿರಲಿಲ್ಲ. ಅವನು ಒಂದೊಂದೇ ಕಡ್ಡಿಯನ್ನು ತಿಕ್ಕಿ, ಗಾಳಿ ಹೊಡೆದು, ಒಣಗಿಸಿ ಕೂಡಿಸಿದ. ಈ ಸಲ ಗೇರುಗಳು ಒಂದರ ಹಿಂದೊಂದು ಸದ್ದಿಲ್ಲದೆ ಬದಲಾದವು. ಮಸೂದ ಆಕಾಶ ನೋಡಿ ಕೈ ಮುಗಿದ, ಆಮೇಲೆ ಉಸ್ತಾದನಿಗೆ ಫೋನು ಮಾಡಿ ಎಲ್ಲವನ್ನೂ ತಾನೇ ಕಂಡುಹಿಡಿದವನ ಹಾಗೆ ಹೇಳಿದ. ಶರಣಬಸಮ್ಮ ತಡೆಯಲಿಲ್ಲ.

ಮರುದಿನ ಊಟದ ಹೊತ್ತು. ಅವಳ ಕಾರು ಕೆಟ್ಟಾಗಿನಿಂದ ನಾನು ಬೇರೆ ಕಡೆ ರೊಟ್ಟಿ ತರಿಸಿ, ಗಿರಾಕಿಗಳ ಕೈಯಲ್ಲಿ ಬೈಸಿಕೊಂಡು ಸಾಕಾಗಿದ್ದೆ. ಗಲ್ಲಾ ಬಿಟ್ಟು ಬಂದು ರಸ್ತೆಯ ಮೇಲೇ ನಿಂತಿದ್ದೆ. ಬಿಳಿ ಕಾರು ಬಂದು ಎದುರಿಗೆ ನಿಂತಿತು. ಒಳಗೆ ಅವಳೊಬ್ಬಳೇ, ಹಿಂದಿನ ಸೀಟಿನ ತುಂಬ ಬುಟ್ಟಿ. ನೋಡಿ ನನಗೆ ಕಣ್ಣು ತುಂಬಿ ಬಂತು. ಸಂತೋಷವಾದಾಗ ನನಗೆ ಬರುವುದು ಬೈಗುಳ, ಹಾಗಾಗಿ ಗದರಿಸಿದೆ.

“ಎಷ್ಟೊತ್ತು ಮಾಡ್ತಿ ತಂಗಿ? ನಿನ್ನ ಹಾದಿ ಕಾದೂ ಕಾದೂ ಸಾಕಾಗಿ ಹೋತು!”

ಅವಳು ಬುಟ್ಟಿ ಕೊಡಲು ಚಾಚಿದ ಕೈ ಹಾಗೇ ನಿಲ್ಲಿಸಿದಳು.

“ಇನ್ನೊಂದ್ ಸಲ ಅನ್ರಿ ಅಣ್ಣಾ.”

“ಏನಂತ?”

“ಹಾದಿ ಕಾದೆ ಅಂತ. ಸಾಲಿಗಿ ಹೋಗಾಕ, ದವಾಖಾನಿಗಿ ಹೋಗಾಕ, ಮದಿವಿಗಿ ಹೋಗಾಕ, ಯಾರರೆ ಬಂದು ಕರ್ಕೊಂಡು ಹೋಗ್ತಾರೇನಂತ ನಾನ ಎಲ್ಲಾರ ಹಾದಿ ಕಾದಾಕಿ. ನನ್ನ ಹಾದಿ ಯಾರರೆ ಕಾಯೂದು ಕೇಳಿದ್ರ ಭಾಳ ಚೊಲೊ ಅನಸ್ತದ್ರಿ.”

ಒಳಗೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಗಿರಾಕಿಗಳಿಗೆಲ್ಲ ಕೇಳಿಸಲಿ ಎಂದು, ನಾನು ಇನ್ನೊಂದು ಸಲ ಗಟ್ಟಿಯಾಗಿ ಅಂದೆ.